ಇಪ್ಪತ್ತು ಪವರಿನ ಬೈನಾಕ್ಯುಲರ್, ಒಂದು ಮರಳಿನ ಬಾಟಲಿ

ನಾನು ಕೊಂಡ ಮೊದಲ ಬೈನಾಕ್ಯುಲರಿನ ಮೇಲೆ 10-90×80 ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಹತ್ತರಿಂದ ತೊಂಬತ್ತರವರೆಗೆ ಜೂಮ್. ಮುಂದಿನ ಲೆನ್ಸು ಕೆಂಪಗೆ ಮಾಣಿಕ್ಯದ ಹಾಗೆ ಹೊಳೆಯುತ್ತಿತ್ತು. ತೊಂಬತ್ತು ಪಟ್ಟು ಅಂದರೆ ಶನಿಯ ಉಂಗುರ ಕೈಗೆ ಸಿಕ್ಕಿತು ಅಂದುಕೊಂಡು ನಾಲ್ಕೂವರೆ ಸಾವಿರ ಕೊಟ್ಟೆ. ಆ ರಾತ್ರಿ ಬೆಂಗಳೂರಿನ ನಮ್ಮ ತಾರಸಿ ಹತ್ತಿ ಗುರುಗ್ರಹದ ಕಡೆ ತಿರುಗಿಸಿದರೆ ಕಂಡದ್ದು ಕುಣಿಯುವ ಒಂದು ಹಸಿರು ಉಂಡೆ. ಒಂದಲ್ಲ, ಎರಡು. ತೊಂಬತ್ತಕ್ಕೆ ತಿರುಗಿಸಿದ ಮೇಲೆ ಅವೂ ಮಸುಕಾಗಿ ಮಾಯವಾದವು.

ಮೋಸ ಹೋದದ್ದು ಹೇಗೆ ಅಂತ ತಿಳಿಯಲು ಸಣ್ಣ ಲೆಕ್ಕ ಸಾಕು. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬೊಟ್ಟು ಎಷ್ಟು ದಪ್ಪ ಅಂತ ಸಿಗುತ್ತದೆ. 10×50ಕ್ಕೆ 5 ಮಿ.ಮೀ., 20×80ಕ್ಕೆ 4. ನನ್ನ ತೊಂಬತ್ತಕ್ಕೆ ಒಂದು ಮಿಲಿಮೀಟರೂ ಇಲ್ಲ! ಕತ್ತಲಲ್ಲಿ ಚಿಕ್ಕ ವಯಸ್ಸಿನವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ. ವಯಸ್ಸಾದಂತೆ ಐದರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ನಾಲ್ಕೈದು ಮಿ.ಮೀ. ಬೊಟ್ಟು ನಮ್ಮಂಥ ನಲವತ್ತು ದಾಟಿದವರಿಗೆ ಸರಿಯಾದ ಅಳತೆ.

ಆ 80 ಕೂಡ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಕಣ್ಣಿಡುವ ಕಡೆಯಿಂದ ಸ್ವಲ್ಪ ದೂರದಲ್ಲಿ ಟಾರ್ಚ್ ಹಿಡಿದು, ದೊಡ್ಡ ಲೆನ್ಸನ್ನು ಗೋಡೆಗೆ ಹತ್ತಿರ ಇಟ್ಟೆ. ಗೋಡೆಯ ಮೇಲೆ ಬಿದ್ದ ಬೆಳಕಿನ ವೃತ್ತಕ್ಕೆ ಸ್ಕೇಲ್ ಇಟ್ಟರೆ 45 ಮಿ.ಮೀ. ಹತ್ತಿರ ಬಂತು. ಒಳಗೆ ಒಂದು ಕಿರಿದಾದ ಬಳೆ ಕೂರಿಸಿ ಬೆಳಕನ್ನು ತಡೆದಿದ್ದರು. ಅಗಲವಾದ ಗಾಜು ಸುಮ್ನೆ ತೋರಿಕೆಗೆ. ಆ ಕೆಂಪು ಹೊಳಪೂ ಅಷ್ಟೇ. ಕೆಂಪು ಬೆಳಕನ್ನು ಅದು ವಾಪಸ್ ಕಳಿಸುವುದರಿಂದಲೇ ಒಳಗೆ ಎಲ್ಲ ಹಸಿರು. ಈಗ ಯಾರು ಕೇಳಿದರೂ ಎರಡು ಮಾತು ಹೇಳುತ್ತೇನೆ: ಜೂಮ್ ಬೇಡ, ಕೆಂಪು ಗಾಜು ಬೇಡ.

ಮುಂದಿನದನ್ನು ಅಂಗಡಿಗೇ ಹೋಗಿ ಕೊಂಡೆ. ಸಾದಾ 10×50, ತೂಕ ಮುಕ್ಕಾಲು ಕೇಜಿಗಿಂತ ಸ್ವಲ್ಪ ಜಾಸ್ತಿ. ಅಂಗಡಿಯಲ್ಲಿ ಮಾಡಿದ್ದು ಇಷ್ಟು. ಬೈನಾಕ್ಯುಲರನ್ನು ಒಂದಡಿ ದೂರ ಹಿಡಿದು, ಬೆಳಕಿರುವ ಆಕಾಶದ ಕಡೆ ತೋರಿಸಿ, ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಬೊಟ್ಟನ್ನು ನೋಡಿದೆ. ಪೂರ್ತಿ ದುಂಡಗಿದ್ದರೆ ಪ್ರಿಸಂ ಒಳ್ಳೆಯದು, ಸಾಮಾನ್ಯವಾಗಿ ಬ್ಯಾಕ್-4 ಗಾಜು. ಅಂಚು ಕತ್ತರಿಸಿದ ಹಾಗೆ ಚೌಕಾಕಾರವಾಗಿ ನೆರಳು ಕಟ್ಟಿದ್ದರೆ ಅಗ್ಗದ್ದು. ಆಮೇಲೆ ದೂರದ ಮೊಬೈಲ್ ಟವರಿನ ತುದಿ ನೋಡುತ್ತಾ ಕಣ್ಣನ್ನು ನಿಧಾನವಾಗಿ ಹಿಂದೆ ತಂದೆ. ತುದಿ ಎರಡಾಗಿ ಒಡೆದರೆ ಎರಡು ನಳಿಗೆಗಳು ಒಂದೇ ಕಡೆ ನೋಡುತ್ತಿಲ್ಲ ಅಂತ ಅರ್ಥ. ಮೂರು ಪೀಸು ತೆಗೆಸಿ ನೋಡಿದೆ. ಅಂಗಡಿಯವರು ಮುಖ ಗಂಟಿಕ್ಕಿದರು, ಇರಲಿ ಬಿಡಿ.

ಎರಡು ವರ್ಷ ಇದರಲ್ಲೇ ನೋಡಿದೆ. ಆಮೇಲೆ ಆಸೆ ಕೇಳಬೇಕಲ್ಲ, 20×80 ತರಿಸಿದೆ. ಎರಡು ಕೇಜಿ ಮುನ್ನೂರು ಗ್ರಾಂ. ಕೊರಿಯರಿನಲ್ಲಿ ಎಲ್ಲೋ ಪೆಟ್ಟು ತಿಂದು ಬಂದಿತ್ತು, ಮತ್ತೆ ಎರಡೆರಡು ಚಂದ್ರ. ದೊಡ್ಡ ಬೈನಾಕ್ಯುಲರುಗಳಿಗೆ ಇದು ಬಲು ಸಾಮಾನ್ಯ. ಪವರ್ ಹೆಚ್ಚಿದಷ್ಟೂ ಸಣ್ಣ ಓರೆಯೂ ಕಣ್ಣಿಗೆ ಚುಚ್ಚುತ್ತದೆ. ಸ್ಕ್ರೂ ತಿರುಗಿಸಿ ನಾನೇ ಸರಿ ಮಾಡಿಕೊಳ್ಳಲು ಹೋಗಿ ಇನ್ನೂ ಕೆಡಿಸಿ, ಕೊನೆಗೆ ರಿಪೇರಿಗೆ ಕೊಟ್ಟೆ. 2024ರ ಅಕ್ಟೋಬರ್ ಮೊದಲ ದಿನಗಳಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬೆಳಗಿನ ಜಾವ ಪೂರ್ವದಲ್ಲಿ ಕಂಡಿತಲ್ಲ, ಆಗ ದೊಡ್ಡದು ರಿಪೇರಿ ಅಂಗಡಿಯಲ್ಲಿತ್ತು. ತಾರಸಿಯ ಗೋಡೆಗೆ ಮೊಣಕೈ ಊರಿ ಹಳೇ 10×50ರಲ್ಲೇ ಅದರ ಬಾಲ ನೋಡಿದೆ.

ದೊಡ್ಡದು ಸರಿಯಾಗಿ ಬಂದ ಮೇಲೆ ನಿಜವಾದ ಪಾಠ ಶುರುವಾಯಿತು. ಇಪ್ಪತ್ತು ಪಟ್ಟು ಹಿಗ್ಗುವುದು ನಕ್ಷತ್ರ ಮಾತ್ರ ಅಲ್ಲ, ನನ್ನ ಕೈನಡುಕವೂ. ಕೈಯಲ್ಲಿ ಹಿಡಿದರೆ ನಕ್ಷತ್ರಗಳೆಲ್ಲ ಮಿಂಚುಹುಳದ ಹಾಗೆ ಗೀಟೆಳೆಯುತ್ತವೆ. ಮನೆಯಲ್ಲಿದ್ದ ಕ್ಯಾಮೆರಾ ಟ್ರೈಪಾಡ್‌ಗೆ ಹಾಕಿದರೆ ಮುಟ್ಟಿದಾಗಲೆಲ್ಲ ಐದಾರು ಸೆಕೆಂಡು ಅಲುಗಾಡುತ್ತಿತ್ತು. ಗಟ್ಟಿ ಟ್ರೈಪಾಡ್ ತಂದೆ. ಅಲುಗಾಟ ನಿಂತಿತು, ಆದರೆ ಕತ್ತು ಹೋಯಿತು.

ಟ್ರೈಪಾಡ್ ಸಾಕು ಅಂತ ಬರೆಯುವವರಲ್ಲಿ ಹೆಚ್ಚಿನವರು ಯೂರೋಪಿನ ಕಡೆಯವರು. ಅಲ್ಲಿ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜ, ದಕ್ಷಿಣದಲ್ಲಿ ತಗ್ಗಿನಲ್ಲಿ ನಿಲ್ಲುತ್ತಾನೆ. ನಮ್ಮಲ್ಲಿ ಹಾಗಲ್ಲ. ನಮ್ಮ ಊರು ಚಳ್ಳಕೆರೆ ಹತ್ತಿರ, 14 ಡಿಗ್ರಿ ಅಕ್ಷಾಂಶದ ಮೇಲೆ. ಅಲ್ಲಿ ಕೃತ್ತಿಕೆ ನೆತ್ತಿಯಿಂದ ಬರೀ ಹತ್ತು ಡಿಗ್ರಿ ಉತ್ತರಕ್ಕೆ ಹಾದುಹೋಗುತ್ತದೆ. ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ ಇಪ್ಪತ್ತು ಡಿಗ್ರಿ ದಕ್ಷಿಣಕ್ಕೆ. ಅಂದರೆ ನೋಡಬೇಕಾದ್ದೆಲ್ಲ ತಲೆಯ ಮೇಲೇ. ನೇರ ನಳಿಗೆಯ ಬೈನಾಕ್ಯುಲರನ್ನು ಟ್ರೈಪಾಡ್‌ಗೆ ಹಾಕಿ ನೆತ್ತಿ ನೋಡಬೇಕಾದರೆ ಅದರ ಕಾಲುಗಳ ಮಧ್ಯೆ ಮಂಡಿಯೂರಿ ತಲೆ ಹಿಂದಕ್ಕೆ ಚೆಲ್ಲಬೇಕು.

ಹಾಗಾಗಿ ಊರಿನ ಬಡಗಿಯವರ ಹತ್ತಿರ ಒಂದು ತೋಳು ಮಾಡಿಸಿದೆ. ನಾಲ್ಕು ಮರದ ಪಟ್ಟಿ, ನಾಲ್ಕು ಮೂಲೆಯಲ್ಲಿ ಬೋಲ್ಟು, ಸಮಾನಾಂತರ ಚತುರ್ಭುಜದ ಹಾಗೆ. ಒಂದು ತುದಿಗೆ ಬೈನಾಕ್ಯುಲರ್, ಇನ್ನೊಂದು ತುದಿಗೆ ಸಮತೂಕಕ್ಕೆ ಮರಳು ತುಂಬಿದ ನೀರಿನ ಬಾಟಲಿ. ನಡುವೆ ಟ್ರೈಪಾಡ್. ಮರ ಮರಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು, ನೈಲಾನ್ ವಾಷರ್ ಹಾಕಿದ ಮೇಲೆ ಬೆಣ್ಣೆಯ ಹಾಗೆ ಸರಿಯಿತು. ತೋಳು ಟ್ರೈಪಾಡಿನಿಂದ ಆಚೆ ಚಾಚುವುದರಿಂದ ಕೆಳಗೆ ಆರಾಮ ಕುರ್ಚಿ ಹಾಕಿ ಒರಗಬಹುದು. ಇನ್ನೊಂದು ಸೊಗಸೆಂದರೆ, ತೋಳನ್ನು ಮೇಲೆ ಕೆಳಗೆ ಮಾಡಿದರೂ ಬೈನಾಕ್ಯುಲರ್ ನೋಡುವ ದಿಕ್ಕು ಬದಲಾಗುವುದಿಲ್ಲ. ಆರಡಿಯ ನಮ್ಮ ದೊಡ್ಡಪ್ಪ ನೋಡಿದ ಮೇಲೆ ಮೂರಡಿಯ ಮೊಮ್ಮಗಳ ಎತ್ತರಕ್ಕೆ ಇಳಿಸಿದರೂ ಅದೇ ನಕ್ಷತ್ರ ಸಿಗುತ್ತದೆ. ಅವಳು ಮುಗಿಸುವುದರೊಳಗೆ ಅದು ಸರಿದು ಹೋಗಿರುತ್ತದೆ, ಅದು ಬೇರೆ ಮಾತು.

ಶೇಂಗಾ ಹೊಲದ ಬದುವಿನಲ್ಲಿ ಮೊದಲ ಸಲ ಇದನ್ನು ನಿಲ್ಲಿಸಿದಾಗ ದೊಡ್ಡಪ್ಪ ಕಂಬಳಿ ಹೊದ್ದು ಬಂದರು.

"ಏನಪ್ಪಾ ಇದು, ಏತ ಹೂಡಿದಂಗೆ ಐತಲ್ಲ?"

ನಾನು ಆರಿದ್ರೆಯನ್ನು ತೋರಿಸಿದೆ. ಮಹಾವ್ಯಾಧನ ಭುಜದ ಕೆಂಪು ಚುಕ್ಕಿ. ಆರಿದ್ರೆ ಮಳೆ ಅಂತ ಬದುಕಿಡೀ ಲೆಕ್ಕ ಹಾಕಿದವರು ಅವರು.

"ಆರಿದ್ರೆ ಅಂದ್ರೆ ಚುಕ್ಕೀನಾ? ಮಳೇಲಿ ಒಂದಿನಾನೂ ಕಾಣ್ಲಿಲ್ವಲ್ಲೋ!"

ಕಾಣುವುದಿಲ್ಲ, ದೊಡ್ಡಪ್ಪ. ಸೂರ್ಯ ಆರಿದ್ರೆಯ ಹತ್ತಿರ ಇರುವ ಜೂನ್ ಕೊನೆಯ ದಿನಗಳಿಗೇ ಆ ಮಳೆಯ ಹೆಸರು. ಮೋಡ ಇಲ್ಲದಿದ್ದರೂ ಆಗ ಅದು ಹಗಲಿನ ಆಕಾಶದಲ್ಲಿರುತ್ತದೆ. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನೆ ನೋಡುತ್ತಾ ಕೂತರು.

ನೋಡುವ ರೀತಿಯ ಬಗ್ಗೆ ಒಂದೆರಡು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ವಾಟ್ಸಾಪ್ ಮೆಸೇಜು ನೋಡಿದರೆ ಅಷ್ಟೂ ನೀರಿನಲ್ಲಿ ಹೋಮ. ಫೋಕಸ್ ಮಾಡುವಾಗ ಬಲಗಡೆಯ ಲೆನ್ಸಿಗೆ ಅಂಗೈ ಮುಚ್ಚಿ ಎಡಗಣ್ಣಿಗೆ ನಡುವಿನ ಚಕ್ರ ತಿರುಗಿಸುತ್ತೇನೆ. ನಕ್ಷತ್ರ ಸೂಜಿಮೊನೆಯಾಗುವವರೆಗೆ. ಆಮೇಲೆ ಎಡಗಡೆ ಮುಚ್ಚಿ ಬಲಗಣ್ಣಿನ ಬಳೆ. ಒಂದು ಕಣ್ಣು ಮಿಟುಕಿಸಿದರೆ ಇನ್ನೊಂದೂ ಬಿಗಿಯುತ್ತದೆ, ಅದಕ್ಕೇ ಅಂಗೈ. ನನಗೆ ಮೈನಸ್ ಎರಡೂವರೆ ಕನ್ನಡಕ, ತೆಗೆದಿಟ್ಟು ನೋಡುತ್ತೇನೆ. ಸಿಲಿಂಡರ್ ಪವರ್ ಜಾಸ್ತಿ ಇರುವವರು ತೆಗೆಯಬಾರದು, ಅದನ್ನು ಫೋಕಸ್ ಸರಿಮಾಡುವುದಿಲ್ಲ. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಪೆಟ್ಟಿಗೆಯಲ್ಲೇ ಇರಲಿ.

ಇಪ್ಪತ್ತು ಪವರಿನಲ್ಲಿ ಕಾಣುವ ಆಕಾಶ ಸುಮಾರು ಮೂರು ಡಿಗ್ರಿ, ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ದಾರಿ ತಪ್ಪುವುದು ಸುಲಭ. ಅದಕ್ಕೆ ಚಿಕ್ಕದರಲ್ಲಿ ಹುಡುಕಿ, ದೊಡ್ಡದರಲ್ಲಿ ನೋಡುತ್ತೇನೆ. ಗುರುವಿನ ನಾಲ್ಕು ಚಂದ್ರರು ಎರಡರಲ್ಲೂ ಕಾಣುತ್ತಾರೆ. ಗೆಲಿಲಿಯೋ 1610ರಲ್ಲಿ ಕಂಡವರೇ. ಸಪ್ತರ್ಷಿ ಮಂಡಲದ ವಸಿಷ್ಠ ಒಂದಲ್ಲ, ಜೋಡಿ ನಕ್ಷತ್ರ ಅನ್ನುವುದು ಕಾಣುವುದು ದೊಡ್ಡದರಲ್ಲಿ, ತೋಳು ನಿಶ್ಚಲವಾಗಿದ್ದಾಗ ಮಾತ್ರ. ಶನಿಯ ಉಂಗುರ? ಇಲ್ಲ. ಉಂಗುರ ಚೆನ್ನಾಗಿ ವಾಲಿದ ವರ್ಷ ಗ್ರಹ ಸ್ವಲ್ಪ ಉದ್ದುದ್ದ ಕಾಣುತ್ತದೆ, ಅಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಮೆಗಾ ಸೆಂಟಾರಿ. ಸುಮಾರು ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಂಪು. ಯೂರೋಪಿನ ಬಹುಪಾಲು ಜನರಿಗೆ ಅದು ದಿಗಂತದಿಂದ ಮೇಲೇಳುವುದೇ ಇಲ್ಲ. ನಮಗೆ 28 ಡಿಗ್ರಿ ಎತ್ತರಕ್ಕೆ ಬರುತ್ತದೆ, ಕತ್ತಿಗೂ ನೋವಿಲ್ಲ. ಮೇ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ಚಿತ್ತಾ ನಕ್ಷತ್ರ ದಕ್ಷಿಣಕ್ಕೆ ನೇರ ಬರುತ್ತದೆ. ಅಲ್ಲಿಂದ ಕೆಳಗೆ ಕೈ ಚಾಚಿ ಮುಷ್ಟಿ ಹಿಡಿದು ಮೂರೂವರೆ ಮುಷ್ಟಿ ಇಳಿಯಿರಿ. 10×50ರಲ್ಲಿ ಹತ್ತಿಯ ಉಂಡೆ. 20×80ರಲ್ಲಿ ಅದರ ಅಂಚು ರವೆ ಉದುರಿದ ಹಾಗೆ ಕಾಳುಕಾಳಾಗಲು ಶುರುವಾಗುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಹುಡುಕುತ್ತಾ ಇನ್ನೂ ಎರಡನೇ ಮುಷ್ಟಿಯಲ್ಲಿದ್ದೆ. ದೊಡ್ಡಪ್ಪ ಬರಿಗಣ್ಣಿನಲ್ಲೇ ಬೆರಳು ತೋರಿಸಿದರು: "ಅಲ್ಲಿ ಮಸುಕಂಗೆ ಐತಲ್ಲ, ಅದೇನು?"