ಖಾಲಿ ಕಣದಲ್ಲಿ ಇಡೀ ಕೊಡಗು: ನಮ್ಮ ಭೂಗೋಳ ಸಂಘದ ಬೇಸಿಗೆ

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಕಾಫಿ ಕಣಗಳೆಲ್ಲ ಖಾಲಿ. ಅರೇಬಿಕಾ ಒಣಗಿ ಮೂಟೆ ಸೇರಿ ಯಾವ ಕಾಲವಾಗಿರುತ್ತದೆ, ರೋಬಸ್ಟಾ ಕೂಡ ಮಾರ್ಚ್ ಹೊತ್ತಿಗೆ ಮುಗಿದಿರುತ್ತದೆ. ಮುಂದಿನ ಕೊಯ್ಲಿನವರೆಗೆ ಆ ಸಿಮೆಂಟ್ ನೆಲದ ಮೇಲೆ ನಾಯಿ ಮಲಗುತ್ತದೆ, ಮಕ್ಕಳು ಸೈಕಲ್ ಕಲಿಯುತ್ತಾರೆ. ಅದು ನಮ್ಮ ಸಂಘಕ್ಕೆ ಬಿಟ್ಟಿ ಸಿಗುವ ಸಭಾಂಗಣ ಅಂತ ಹೊಳೆಯಲು ನನಗೆ ಮೂರು ಬೇಸಿಗೆ ಬೇಕಾಯಿತು. ಅಷ್ಟರಲ್ಲಿ ಕೈಯಿಂದ ಹೋದ ದುಡ್ಡು ಇಪ್ಪತ್ತೈದು ಸಾವಿರದ ಹತ್ತಿರ.

ಮೊದಲ ಬೇಸಿಗೆ ಮಾಡಿದ್ದು ದೊಡ್ಡವರ ನಕಲು. ಲಂಡನ್ನಿನಲ್ಲಿ 1830ರಿಂದ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಇದೆ, ಮದರಾಸಿನಲ್ಲಿ 1926ರಲ್ಲೇ ಭೂಗೋಳ ಸಂಘ ಕಟ್ಟಿದರು, ಅವರೆಲ್ಲ ಉಪನ್ಯಾಸ ಇಡುತ್ತಾರೆ, ನಾವೂ ಇಡೋಣ ಅಂತ ಹೊರಟೆ. ಹಾಲ್ ಬಾಡಿಗೆ ನಾಲ್ಕು ಸಾವಿರ, ಮೈಕಿನವನಿಗೆ ಒಂದೂವರೆ, ಬ್ಯಾನರ್ ಒಂಬೈನೂರು, ಕಾಫಿ ಉಪ್ಪಿಟ್ಟಿಗೆ ಮೂರು ಸಾವಿರದ ಹತ್ತಿರ. ಬಂದವರು ಹದಿನೇಳು ಜನ, ಅದರಲ್ಲಿ ಒಂಬತ್ತು ನಮ್ಮವರೇ. ಆ ದಿನ ಹಾಕಿ ಹಬ್ಬದ ಕ್ವಾರ್ಟರ್ ಫೈನಲ್ ಇತ್ತು. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬ ಪ್ರತಿ ಬೇಸಿಗೆ ಕೊಡವ ಮನೆಗಳನ್ನು ಮೈದಾನಕ್ಕೆ ಎಳೆದುಕೊಂಡು ಹೋಗುತ್ತದೆ ಅನ್ನುವುದು ಇಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಾರೀಖು ಹಾಕುವಾಗ ನೆನಪಾಗಲಿಲ್ಲ. ಈಗ ಮೊದಲು ಹಾಕಿ ಪಟ್ಟಿ, ಆಮೇಲೆ ಮದುವೆ ಮುಹೂರ್ತ, ಆಮೇಲೆ ಊರಹಬ್ಬ, ಇವಿಷ್ಟನ್ನು ಕ್ಯಾಲೆಂಡರಿನಲ್ಲಿ ಹೊಡೆದು ಹಾಕಿ ಉಳಿದ ದಿನ ನಮ್ಮದು.

ಎರಡನೇ ಬೇಸಿಗೆ ರಟ್ಟಿನ ಮಾದರಿ. ಒಂದಕ್ಕೆ ಐವತ್ತು ಸಾವಿರ ಅಳತೆಯ ಟೋಪೋಶೀಟ್, ಅಂದರೆ ಎತ್ತರದ ಗೆರೆಗಳಿರುವ ಸರ್ವೆ ನಕ್ಷೆಯ ಮೇಲಿಂದ 100 ಮೀಟರಿಗೆ ಒಂದು ಪದರದಂತೆ ಮೂರು ಮಿಲಿಮೀಟರ್ ರಟ್ಟು ಕತ್ತರಿಸಿ ಅಂಟಿಸಿದೆವು. ಮಡಿಕೇರಿ ಪೇಟೆ 48 ಪಿ/11 ನಂಬರಿನ ಹಾಳೆಯ ಪೂರ್ವದ ಅಂಚಿಗೆ ಅಂಟಿಕೊಂಡಿದೆ, ಒಂದೆರಡು ಕಿಲೋಮೀಟರ್ ಹೋದರೆ 48 ಪಿ/15. ಆ ಜೋಡಣೆಯಲ್ಲೇ ಎರಡು ಸಂಜೆ ಹೋಯಿತು. ಮಾದರಿ ಚೆನ್ನಾಗಿಯೇ ಬಂತು, ಜನ ಫೋಟೋ ತೆಗೆದುಕೊಂಡರು. ಜುಲೈನಲ್ಲಿ ಶಾಲೆಯ ಸ್ಟೋರ್ ರೂಮ್ ಬಾಗಿಲು ತೆರೆದರೆ ಬ್ರಹ್ಮಗಿರಿಯಿಂದ ಪುಷ್ಪಗಿರಿಯವರೆಗೆ ಬೂಷ್ಟು. ಪದರಗಳು ಹಪ್ಪಳದ ಹಾಗೆ ಮೇಲೆದ್ದಿದ್ದವು. ಆರು ಸಾವಿರದ ಚಿಲ್ಲರೆ ಗೊಬ್ಬರದ ಗುಂಡಿಗೆ. ಕೊಡಗಿನ ಮಳೆಗಾಲ ದಾಟದ ಸಾಮಾನಿಗೆ ದುಡ್ಡು ಹಾಕಬಾರದು ಅಂತ ಅಂದೇ ತೀರ್ಮಾನಿಸಿದೆ.

ಮೂರನೇ ಬೇಸಿಗೆ ಶೂನ್ಯ ನೆರಳಿನ ದಿನ, ಅಂದರೆ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆಟ್ಟಗೆ ನಿಂತದ್ದರ ನೆರಳು ಮಾಯವಾಗುವ ದಿನ. ಇದು ಹೇಳಿಕೊಳ್ಳಲು ನಾಚಿಕೆಯ ಕಥೆ. ಪೇಪರಿನಲ್ಲಿ ಬೆಂಗಳೂರಿನದು ಬಂದಿತ್ತು: ಏಪ್ರಿಲ್ 24, ಮಧ್ಯಾಹ್ನ 12.17. ಅದನ್ನೇ ಹಿಡಿದು ಶಾಮಿಯಾನ ಹಾಕಿಸಿ, ಒಂದು ಮೀಟರ್ ಕೋಲು ನೆಟ್ಟು, ಅರವತ್ತು ಮಕ್ಕಳನ್ನು ಸುತ್ತ ಕೂರಿಸಿದೆ. 12.17 ಆಯಿತು. ನೆರಳು ಎರಡು ಬೆರಳಗಲ ಅಲ್ಲೇ ಇದೆ. ಹಿಂದೆ ನಿಂತಿದ್ದ ಹಿರಿಯರೊಬ್ಬರು, ‘ಮಾಷ್ಟ್ರೇ, ನಿಮ್ಮ ಸೂರ್ಯ ಲೇಟು’ ಅಂದರು. ಎಲ್ಲರೂ ನಕ್ಕು ಊಟಕ್ಕೆ ಹೊರಟರು. ನಾನು ಹಗ್ಗ ಬಿಚ್ಚುತ್ತಾ ತಿರುಗಿ ನೋಡಿದರೆ ಕೋಲಿನ ಬುಡದಲ್ಲಿ ನೆರಳು ಹುಡುಕಬೇಕು ಅನ್ನುವಷ್ಟು ಸಣ್ಣದಾಗಿತ್ತು. ಗಂಟೆ 12.25. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ಅಂತ ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಬೆಂಗಳೂರಿಗಿಂತ ನಾವು ಎರಡು ಡಿಗ್ರಿಯ ಹತ್ತಿರ ಪಶ್ಚಿಮಕ್ಕಿದ್ದೇವೆ. ತಾರೀಖೂ ಅಷ್ಟೆ, ನಾವು ಅರ್ಧ ಡಿಗ್ರಿ ದಕ್ಷಿಣ, ಹಾಗಾಗಿ ಮಡಿಕೇರಿಗೆ 23ನೇ ತಾರೀಖೇ ಸರಿ. ಆಗಸ್ಟ್ 20ರ ಆಸುಪಾಸಿನಲ್ಲಿ ನೆರಳು ಇನ್ನೊಮ್ಮೆ ಹೋಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳೋಣವೆಂದರೆ, ಆ ಹೊತ್ತಿಗೆ ನಮ್ಮಲ್ಲಿ ಸೂರ್ಯನ ಮುಖ ಕಂಡರೆ ಹೆಚ್ಚು.

ಇಷ್ಟಾದ ಮೇಲೆ ಸಂಘದಲ್ಲೇ ಮಾತು ಬಂತು. ಭೂಗೋಳ ಅಂದರೆ ಪರೀಕ್ಷೆಗೆ ಓದುವುದು, ರಜೆಯಲ್ಲಿ ಯಾರು ಬರುತ್ತಾರೆ, ಬದಲಿಗೆ ಒಂದು ಟ್ರೆಕ್ಕಿಂಗ್ ಇಟ್ಟು ಫೀಸು ತೆಗೆದುಕೊಳ್ಳೋಣ ಅಂತ ಖಜಾಂಚಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳಿಗೆ ಜನ ತಾವಾಗಿಯೇ ಹೋಗುತ್ತಾರೆ, ಅದಕ್ಕೆ ನಾವು ಯಾಕೆ ಅಂತ ನಾನು. ಆ ಜಗಳದ ಮಧ್ಯೆ ಪರಿಚಯದ ಬೆಳೆಗಾರರ ಮನೆಗೆ ಹೋಗಿದ್ದಾಗಲೇ ಎಪ್ಪತ್ತು ಅಡಿ ಉದ್ದ, ಐವತ್ತಡಿ ಅಗಲದ ಆ ಕಣ ಕಣ್ಣಿಗೆ ಬಿದ್ದದ್ದು.

ಲೆಕ್ಕ ತಾನಾಗಿ ಕೂತುಬಿಟ್ಟಿತು. ಒಂದು ಅಡಿಗೆ ಎರಡು ಕಿಲೋಮೀಟರ್ ಹಿಡಿದರೆ ಇಡೀ ಜಿಲ್ಲೆ ಉತ್ತರ ದಕ್ಷಿಣವಾಗಿ ಐವತ್ತಡಿ ಚಿಲ್ಲರೆಯಲ್ಲಿ ಮುಗಿಯುತ್ತದೆ. ಐದಡಿಗೊಂದು ಹಗ್ಗ ಎಳೆದು ಚೌಕ ಮಾಡಿದರೆ ಚೌಕಕ್ಕೆ ಹತ್ತು ಕಿಲೋಮೀಟರ್. ಹಿಂದಿನ ದಿನ ನಾಲ್ಕು ಜನ ಸೇರಿದರೆ ಸಂಜೆಯೊಳಗೆ ಗಡಿ, ಹೊಳೆ, ದಾರಿ, ಊರು ಎಲ್ಲ ಬರೆದು ಮುಗಿಸಬಹುದು. ರಂಗೋಲಿ ಪುಡಿ ಗಾಳಿಗೆ ಹೋಯಿತು. ಚಾಕ್‌ಪೀಸು ಕಾಲಿಗೆ ಅಳಿಸಿತು. ಸುಣ್ಣ ಅಂದರೆ ಕಣದ ಯಜಮಾನರು ಗೇಟಿನಲ್ಲೇ ನಿಂತರು, ಮುಂದಿನ ಕೊಯ್ಲಿಗೆ ಕಾಫಿಗೆ ಹತ್ತಿದರೆ ಏನು ಮಾಡುವುದು ಅಂತ. ಕೊನೆಗೆ ಹೊಂದಿಸಿಕೊಂಡ ಮಿಶ್ರಣ ಸಾವಿರ ಕಾಲು ತುಳಿದರೂ ನಿಲ್ಲುತ್ತದೆ, ಜೂನ್ ಮಳೆಗೆ ಕಲೆಯಿಲ್ಲದೆ ಹೋಗುತ್ತದೆ. ಅದರಲ್ಲಿ ಏನೇನಿದೆ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲ ಅಡುಗೆಮನೆಯ ಸಾಮಾನೇ ಅನ್ನುವಷ್ಟು ಸಾಕು.

ಬೆಟ್ಟಗಳಿಗೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲ. ಇಲ್ಲೊಂದು ತಮಾಷೆ. ಅದೇ ಅಳತೆ ಹಿಡಿದರೆ 1,748 ಮೀಟರಿನ ತಡಿಯಂಡಮೋಳ್ ಸಮುದ್ರಮಟ್ಟದಿಂದ ಬರುವುದು ಹತ್ತೂವರೆ ಇಂಚು. ಕಕ್ಕಬ್ಬೆ ಕಡೆಯ ಹುಡುಗರಿಗೆ ಅದು ಅವಮಾನವಾಯಿತು. ‘ಹತ್ತಿ ಇಳಿದು ಕಾಲು ಬೀಳುತ್ತೆ, ನೀವು ಮೊಣಕಾಲಿಗೂ ಬರದ ಹಾಗೆ ಇಟ್ಟಿದ್ದೀರಿ’ ಅಂದರು. ನಾನು ಬದಲಾಯಿಸಲಿಲ್ಲ. ಐವತ್ತಡಿ ನೆಲದ ಪಕ್ಕ ಆ ಹತ್ತಿಂಚು ನೋಡಿದವರು ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡುತ್ತಾರೆ, ನನಗೆ ಬೇಕಾದದ್ದು ಅದೇ.

ಕಾವೇರಿಯದು ಬೇರೆ ಗೋಳು. ಹೊಳೆಯ ಗೆರೆಯ ಎರಡೂ ಬದಿ ಬೆರಳುದಪ್ಪ ಜೇಡಿಮಣ್ಣಿನ ಏರಿ ಕಟ್ಟಿ, ತಲಕಾವೇರಿಯಲ್ಲಿ ಚೊಂಬಿನಿಂದ ನೀರು ಹೊಯ್ದರೆ ಭಾಗಮಂಡಲ, ನಾಪೋಕ್ಲು, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರಕ್ಕೆ ಬರಬೇಕು. ಮೊದಲ ಸಲ ಹೊಯ್ದ ನೀರು ಏರಿ ಒಡೆದು ಹಿಂದಕ್ಕೆ ತಿರುಗಿ ಸೀದಾ ಪಶ್ಚಿಮಕ್ಕೆ ಹೋಯಿತು. ಕಣ ಅಂದ ಮೇಲೆ ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟಿರುತ್ತಾರೆ, ಈ ಕಣದ ಇಳಿಜಾರು ಚರಂಡಿ ಇದ್ದ ಪಶ್ಚಿಮಕ್ಕೆ. ‘ಕಾವೇರಿ ಕೇರಳಕ್ಕೆ ಹೋಯ್ತು ಮಾಷ್ಟ್ರೇ, ತಮಿಳುನಾಡಿನ ಜೊತೆ ಇನ್ನು ಜಗಳವಿಲ್ಲ’ ಅಂತ ಒಬ್ಬ ಕೂಗಿದ. ಮುಂದಿನ ವಾರ ನಕ್ಷೆಯನ್ನೇ ತಲೆಕೆಳಗು ಮಾಡಿ ಬರೆದೆವು. ನೀರು ಸರಿಯಾಗಿ ಹರಿಯಿತು, ಆದರೆ ನಕ್ಷೆಯ ಪೂರ್ವದಲ್ಲಿ ಸೂರ್ಯ ಮುಳುಗತೊಡಗಿದ. ಅಜ್ಜಿಯರು ಒಪ್ಪಲಿಲ್ಲ. ಕೊನೆಗೆ ಪೂರ್ವಕ್ಕೆ ಇಳಿಜಾರಿರುವ ಇನ್ನೊಂದು ಕಣ ಹುಡುಕಿದೆ. ಜೇಬಿನಲ್ಲಿ ಗೋಲಿ ಇಟ್ಟುಕೊಂಡು ಹೋಗಿ ಕಣದ ನಡುವೆ ಬಿಟ್ಟು ನೋಡುವುದು, ಅಷ್ಟೇ. ಈಗ ಏಳು ಚೊಂಬು ನೀರಿಗೆ ಕಾವೇರಿ ಕೂಡಿಗೆ ತಲುಪುತ್ತದೆ, ಅಲ್ಲಿ ಬಂದು ಸೇರುವ ಹಾರಂಗಿ ಹೊಳೆಯ ಚೊಂಬು ಹಿಡಿದ ಹುಡುಗಿ ಕಾಯುತ್ತಿರುತ್ತಾಳೆ.

ನಾನು ಎಣಿಸದೇ ಇದ್ದದ್ದು ಇನ್ನೊಂದು. ‘ನಿಮ್ಮ ಊರಿನ ಮೇಲೆ ನಿಲ್ಲಿ’ ಅಂದರೆ ಗಂಡಸರು ನೇರ ಮನೆಯಿರುವ ಊರಿಗೆ ಹೋಗಿ ನಿಂತರು. ಹೆಂಗಸರು ಮೊದಲು ತವರಿಗೆ ಹೋದರು. ಅಲ್ಲಿ ನಿಂತು ಗಂಡನ ಊರಿಗೆ ಹೆಜ್ಜೆ ಎಣಿಸಿದರು. ಶ್ರೀಮಂಗಲದಿಂದ ಶನಿವಾರಸಂತೆಗೆ ಮದುವೆಯಾಗಿ ಬಂದವರೊಬ್ಬರು ಆ ದೂರವನ್ನು ಎರಡು ಸಲ ನಡೆದು, ‘ನಮ್ಮಪ್ಪ ಇಷ್ಟು ದೂರ ಕೊಟ್ಟಿದ್ದಾ!’ ಅಂತ ಜೋರಾಗಿ ನಕ್ಕರು. ಮಕ್ಕಂದೂರಿನ ಹತ್ತಿರ ಒಬ್ಬರು ಚಪ್ಪಲಿ ಬಿಟ್ಟು ಒಂದು ಕಲ್ಲು ಇಟ್ಟು ಹೋದರು. 2018ರ ಆಗಸ್ಟಿನ ಭೂಕುಸಿತದ ಬಗ್ಗೆ ಅಲ್ಲಿ ಯಾರೂ ಏನೂ ಕೇಳಲಿಲ್ಲ. ಆ ಕಲ್ಲನ್ನು ಸಂಜೆಯವರೆಗೆ ಯಾರೂ ಒದೆಯಲೂ ಇಲ್ಲ.

ಹೊತ್ತಿನ ವಿಷಯ. ಹತ್ತೂವರೆಯ ಮೇಲೆ ಸಿಮೆಂಟು ಕಾಲು ಸುಡುತ್ತದೆ, ಮೂರರ ಮೇಲೆ ಗುಡುಗು. ಹಾಗಾಗಿ ಬೆಳಗ್ಗೆ ಏಳೂವರೆಗೇ ಶುರು. ನಡುವೆ ಕಾಫಿ ಗೋದಾಮಿನ ನೆರಳಿನಲ್ಲಿ ಮಳೆ ಪುಸ್ತಕಗಳು. ನಮ್ಮ ಬೆಳೆಗಾರರ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆಯ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು, ಅದರ ಹಿಂದೆ ಬರುವ ಬ್ಯಾಕಿಂಗ್ ಶವರ್ ಎಷ್ಟು, ಎಲ್ಲ. ‘ಪುಸ್ತಕ ತನ್ನಿ’ ಅಂದಾಗ ಐದೇ ಬರುತ್ತದೆ ಅಂದುಕೊಂಡಿದ್ದೆ, ಇಪ್ಪತ್ತರ ಮೇಲೆ ಬಂತು. ಪ್ರತಿ ಊರಿನ ಮೇಲೆ ಅಲ್ಲಿಯ ವರ್ಷದ ಮಳೆಯಷ್ಟು ಎತ್ತರಕ್ಕೆ ಬಿದಿರು ನಿಲ್ಲಿಸಿದೆವು, ಇಪ್ಪತ್ತು ಇಂಚು ಮಳೆಗೆ ಒಂದಡಿ. ಭಾಗಮಂಡಲದ ಬಿದಿರು ಹತ್ತಡಿ ದಾಟಿತು, ಕುಶಾಲನಗರದ್ದು ಎರಡಡಿ. ಪುಸ್ತಕದ ಲೆಕ್ಕಗಳು ಪಕ್ಕದ ತೋಟಕ್ಕೂ ಹೊಂದುವುದಿಲ್ಲ. ಒಬ್ಬರು ಬೆಳಗ್ಗೆ ಆರಕ್ಕೆ ಅಳೆದರೆ ಇನ್ನೊಬ್ಬರು ಹವಾಮಾನ ಇಲಾಖೆಯ ಹಾಗೆ ಎಂಟೂವರೆಗೆ, ಮತ್ತೊಬ್ಬರ ಮಾಪಕ ಸಿಲ್ವರ್ ಓಕ್ ಮರದ ಕೆಳಗೆ. ಆ ಜಗಳ ಊಟದವರೆಗೆ ನಡೆಯುತ್ತದೆ, ನಾನು ಬಿಡಿಸಲು ಹೋಗುವುದಿಲ್ಲ.

ನೀರು ಕುದಿಸಿ ಎತ್ತರ ಅಳೆಯುವ ಹುಚ್ಚೂ ಹಿಡಿದಿತ್ತು. ಸಂಪಾಜೆಯಲ್ಲಿ 99 ಡಿಗ್ರಿಯ ಮೇಲೆ, ಮಡಿಕೇರಿಯಲ್ಲಿ 96ರ ಹತ್ತಿರ ಕುದಿಯಬೇಕು. ಇನ್ನೂರೈವತ್ತು ರೂಪಾಯಿಯ ಥರ್ಮಾಮೀಟರ್ ಎರಡು ಕಡೆಯೂ 101 ತೋರಿಸಿತು. ಆ ನೀರಿನಲ್ಲಿ ಕಾಫಿ ಮಾಡಿ ಕುಡಿದೆವು.

23ರ ನೆರಳು ಈಗ ತಪ್ಪುವುದಿಲ್ಲ. ಕೋಲಿನ ಬದಲು ಪ್ರತಿ ಮಗುವಿನ ಮುಂದೆ ಒಂದು ಸ್ಟೀಲ್ ಲೋಟ, ಬೋರಲು ಹಾಕಿ. ಕೋಲು ಒಂದು ಡಿಗ್ರಿ ವಾಲಿದರೂ ಒಂದೂಮುಕ್ಕಾಲು ಸೆಂಟಿಮೀಟರ್ ನೆರಳು ಉಳಿದು ಮಾನ ಕಳೆಯುತ್ತದೆ, ಲೋಟಕ್ಕೆ ಆ ತಾಪತ್ರಯ ಕಡಿಮೆ. ಬಾಯಿಗಿಂತ ಬುಡ ಕಿರಿದಾದ ಲೋಟವಾದರೆ ನೆರಳು ಮೊದಲೇ ಹೋಗಿಬಿಡುತ್ತದೆ, ನೇರ ಗೋಡೆಯದೇ ಆಗಬೇಕು. ನಮ್ಮ ಕಣದ ಇಳಿಜಾರನ್ನು ಲೋಟದ ಕೆಳಗೆ ಹೇಗೆ ಸರಿಮಾಡುತ್ತೇನೆ ಅನ್ನುವುದನ್ನು ಬಂದವರಿಗೆ ಮಾತ್ರ ತೋರಿಸುತ್ತೇನೆ.

ಹೋದ ಬೇಸಿಗೆ ಮೂರು ಭಾನುವಾರ ಮಾಡಿದೆವು. ದಿನಕ್ಕೆ ಮೂರು ಸಾವಿರದೊಳಗೆ ಖರ್ಚು, ಅದರಲ್ಲಿ ಅರ್ಧ ಅಕ್ಕಿರೊಟ್ಟಿ, ಕಾಫಿಗೆ. ಜನ ಮೊದಲ ವಾರ ಎಂಬತ್ತು, ಕೊನೆಯ ವಾರ ಇನ್ನೂರರ ಹತ್ತಿರ. ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ಡಬ್ಬಿ. ಖರ್ಚು ಕಳೆದು ಸಾವಿರದ ಆರುನೂರು ಉಳಿಯಿತು. ಟ್ರೆಕ್ಕಿಂಗ್ ಅಂದಿದ್ದ ಖಜಾಂಚಿ ಅದನ್ನು ಎರಡು ಸಲ ಎಣಿಸಿದರು. ಸರಿಯಾದ ಮಳೆಮಾಪಕ ಕೊಳ್ಳೋಣ ಅಂತ ನಾನು, ಲೋಟ ಇನ್ನೊಂದು ಡಜನ್ ಬೇಕು ಅಂತ ಅವರು. ದುಡ್ಡು ಇನ್ನೂ ಡಬ್ಬಿಯಲ್ಲೇ ಇದೆ.