ಬೇಲೂರಿಗೆ ಒಂದು ರೀಲು, ಕಾಫಿ ಹೂವಿಗೆ ಇನ್ನೊಂದು

ಹಾಸನದಿಂದ ಬಸ್ಸು ಹಿಡಿದು ಬೇಲೂರಿಗೆ ಹೋಗಿ, 36 ಫ್ರೇಮನ್ನೂ ಹಾಳು ಮಾಡಿಕೊಂಡು ಬಂದವನು ನಾನು. ಕ್ಯಾಮೆರಾದಲ್ಲಿ ಇದ್ದದ್ದು ವೆಲ್ವಿಯಾ 50, ಸ್ಲೈಡ್ ಫಿಲ್ಮು, ಅಂದರೆ ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವಂಥದ್ದು. ಆಗ ನನಗೆ ಅದರ ಬಣ್ಣದ ಹುಚ್ಚು. ಆದರೆ ಬೇಲೂರಿನ ಬಳಪದ ಕಲ್ಲಿನಲ್ಲಿ ಬಣ್ಣ ಎಲ್ಲಿದೆ? ನಾನು ಹೋಗುವಷ್ಟರಲ್ಲಿ ಹತ್ತೂವರೆ. ಮದನಿಕೆಯರು ಸೂರಿನ ಕೆಳಗೆ ನೆರಳಲ್ಲಿ, ಅವರ ಹಿಂದೆ ಬೆಳ್ಳನೆ ಆಕಾಶ. ಬೆಳಕಿನ ಲೆಕ್ಕ ಸ್ಟಾಪ್‌ನಲ್ಲಿ, ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು. ಸ್ಲೈಡಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಗೊತ್ತಾಗಿಬಿಡುತ್ತದೆ. ಫಿಲ್ಮು ತೊಳೆಸಿ (ಡೆವಲಪ್ ಮಾಡಿಸಿ) ತಂದು ಬೆಳಕಿಗೆ ಹಿಡಿದೆ. ಆಕಾಶ ಚೆನ್ನಾಗಿ ಬಂದಿತ್ತು. ದರ್ಪಣ ಸುಂದರಿ ಇರಬೇಕಾದಲ್ಲಿ ಕಪ್ಪು ಮುದ್ದೆ.

ನಮ್ಮೂರಿನ ಹಳೇ ಸ್ಟುಡಿಯೋದವರಿಗೆ ತೋರಿಸಿದೆ. "ದೇವಸ್ಥಾನ ನೋಡಿ ರೀಲು ಹಾಕಿದ್ದೀಯ. ಬಿಸಿಲಿಗೂ ನೆರಳಿಗೂ ಎಷ್ಟು ವ್ಯತ್ಯಾಸ ಅಂತ ನೋಡಲೇ ಇಲ್ವಲ್ಲಪ್ಪ" ಅಂದರು.

ಈಗ ಬೇಲೂರಿಗೆ ಹೋದರೆ ಇಲ್ಫರ್ಡ್ ಎಚ್‌ಪಿ5, ಕಪ್ಪು-ಬಿಳುಪು. ಬೆಳಕಿಗೆ ಫಿಲ್ಮು ಎಷ್ಟು ಚುರುಕು ಅನ್ನುವ ಅಂಕಿ (ಐಎಸ್‌ಒ) ಡಬ್ಬಿ ಮೇಲೆ 400 ಅಂತಿದ್ದರೂ ಕ್ಯಾಮೆರಾದಲ್ಲಿ 200 ಇಡುತ್ತೇನೆ. ಅಂದರೆ ಒಂದು ಸ್ಟಾಪ್ ಬೆಳಕು ಜಾಸ್ತಿ. ನೆರಳಿನಲ್ಲಿರುವ ಕೆತ್ತನೆ ಆಗ ಉಳಿಯುತ್ತದೆ. ತೊಳೆಯುವಾಗ ಹೊತ್ತು ಸ್ವಲ್ಪ ಕಡಿಮೆ ಮಾಡಿದರೆ ಆಕಾಶವೂ ಅತಿಯಾಗುವುದಿಲ್ಲ. ಬೆಳಕು ಅಳೆಯುವ ಮೀಟರನ್ನು ಕಲ್ಲಿಗೆ ಹಿಡಿಯಬೇಡಿ. ಕಪ್ಪು ಕಲ್ಲನ್ನು ಅದು ಬೂದು ಬಣ್ಣಕ್ಕೆ ತಂದುಬಿಡುತ್ತದೆ. ನಾನು ಅದೇ ನೆರಳಿನಲ್ಲಿ ಅಂಗೈ ಚಾಚಿ, ಅದಕ್ಕೆ ಮೀಟರ್ ಹಿಡಿದು, ಬಂದ ಅಳತೆಗಿಂತ ಒಂದು ಸ್ಟಾಪ್ ಜಾಸ್ತಿ ಬಿಡುತ್ತೇನೆ. ನೋಡಿದವರು ಕೈರೇಖೆ ಓದಿಕೊಳ್ಳುತ್ತಿದ್ದಾನೆ ಅಂದುಕೊಳ್ಳಬಹುದು, ಅಂದುಕೊಳ್ಳಲಿ.

ಒಳಗೆ ನವರಂಗದ (ಗುಡಿಯ ಒಳಮಂಟಪದ) ಕತೆ ಬೇರೆ. ಕಡೆದು ನುಣುಪಾದ ಕಂಬಗಳು, ಬಾಗಿಲಿನಿಂದ ಬರುವಷ್ಟೇ ಬೆಳಕು. ಅದೇ ಎಚ್‌ಪಿ5 ಅನ್ನು 1600ಕ್ಕೆ ಇಟ್ಟು, ತೊಳೆಯುವಾಗ ಹೊತ್ತು ಹೆಚ್ಚಿಸಿ ಸರಿದೂಗಿಸುತ್ತೇನೆ. ಗ್ರೇನ್, ಅಂದರೆ ಫಿಲ್ಮಿನ ಕಾಳು ಕಾಳು ಚುಕ್ಕೆ, ಎದ್ದು ಕಾಣುತ್ತದೆ, ಕಲ್ಲಿಗೆ ಅದು ಒಪ್ಪುತ್ತದೆ. ಆದರೆ ಹೊತ್ತು ಹೆಚ್ಚಿಸಿದರೆ ಇಡೀ ರೀಲಿಗೂ ಹೆಚ್ಚುತ್ತದೆ, ಅಲ್ವಾ? ಅದಕ್ಕೇ ಒಳಗಿನದಕ್ಕೆ ಬೇರೆ ರೀಲು. ಒಮ್ಮೆ ಲ್ಯಾಬಿನವರಿಗೆ 1600 ಅಂತ ಚೀಟಿ ಬರೆದು ಕೊಟ್ಟರೂ ಮಾಮೂಲಿಯಂತೆ ತೊಳೆದು ಕೊಟ್ಟರು. ನೆಗೆಟಿವ್ ಗಾಜಿನ ಹಾಗೆ ತೆಳ್ಳಗೆ. ಅಂದಿನಿಂದ ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯುತ್ತೇನೆ. ಡೆವಲಪರ್, ಅಂದರೆ ಫಿಲ್ಮು ತೊಳೆಯುವ ದ್ರಾವಣ, 20 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರಿಗೆ ಅದೆಲ್ಲಿಂದ ಬರಬೇಕು? ಐಸು ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಕೂರಿಸುತ್ತೇನೆ.

ಕಾಫಿ ಹೂವಿಗೆ ಮಾತ್ರ ಕಲರ್ ನೆಗೆಟಿವ್. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಮೂಡಿಗೆರೆ ಕಡೆ ತೋಟ ಬೆಳ್ಳಗಾಗುತ್ತದೆ. ಎರಡು-ಮೂರು ದಿನ, ಆಮೇಲೆ ಹೂವು ಕಂದುತ್ತದೆ. ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಬಿಳಿ ಹೂವಿನ ಮೇಲೆ ಬಿಸಿಲು, ಪಕ್ಕದಲ್ಲೇ ಕಡು ಹಸಿರಿನ ನೆರಳು. ಇದನ್ನು ಕೊಡಕ್‌ನ ಪೋರ್ಟ್ರಾ 400 ತಾಳಿಕೊಳ್ಳುತ್ತದೆ. ಒಂದು ಸ್ಟಾಪ್ ಜಾಸ್ತಿ ಕೊಟ್ಟರೂ ಬೇಜಾರಿಲ್ಲ. ಕಡಿಮೆ ಕೊಟ್ಟರೆ ನೆರಳು ಕೆಸರಾಗುತ್ತದೆ. ಬೆಲೆ ಮಾತ್ರ ಜೀವ ಹಿಂಡುತ್ತದೆ, ಹಾಗಾಗಿ ಅದೇ ಕೊಡಕ್‌ನ ಗೋಲ್ಡ್ 200 ಫಿಲ್ಮು ಕೂಡ ನಡೆಯುತ್ತದೆ.

ಮುಳ್ಳಯ್ಯನಗಿರಿಯ ಮಂಜಿಗೆ ಯಾವ ಫಿಲ್ಮಾದರೂ ಸರಿ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡಿ, ಇಲ್ಲದಿದ್ದರೆ ಮಂಜು ಹೊಗೆಯಾಗುತ್ತದೆ.

ವೆಲ್ವಿಯಾ ಬಿಟ್ಟಿಲ್ಲ. ಜುಲೈನಲ್ಲಿ, ಮೋಡದ ಬೆಳಕಿನಲ್ಲಿ ನೆರಳೇ ಇಲ್ಲದಿರುವಾಗ, ಸಕಲೇಶಪುರದ ಗದ್ದೆಗೆ ಅದನ್ನು ಮೀರಿಸಿದ್ದಿಲ್ಲ. ಕ್ಯಾಮೆರಾಕ್ಕೆ ಸ್ಟ್ಯಾಂಡ್ ಬೇಕು, ಅಷ್ಟೇ. ಒಂದು ರೀಲು ಸದಾ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲಿ ಇರುತ್ತದೆ. ಹಿಂದಿನ ರಾತ್ರಿಯೇ ಹೊರಗಿಡುತ್ತೇನೆ. ತಣ್ಣಗಿರುವಾಗ ಡಬ್ಬಿ ಬಿಚ್ಚಿದರೆ ಮಲೆನಾಡಿನ ಗಾಳಿಯ ತೇವವೆಲ್ಲ ಫಿಲ್ಮಿನ ಮೇಲೆ ಕೂರುತ್ತದೆ.