ಕಾರಿಗೆ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕ್ಸೋಕೆ ಮುಂಚೆ ಇಷ್ಟು ನೋಡ್ಕೊಳ್ರಿ

ಬಳ್ಳಾರಿ ಹುಡುಗ್ರು ಮೂರ್ನಾಲ್ಕು ಜನ ನನ್ನನ್ನ ಇದೇ ಕೇಳಿದ್ರು. ಗೇರ್ ಪಕ್ಕದಲ್ಲಿ ನೆಟ್ಟಗೆ ನಿಂತಿರೋ ಉದ್ದನೆ ಲಿವರ್ ಹಾಕಿಸ್ಬೇಕು, ರ‍್ಯಾಲಿ ಕಾರಲ್ಲಿ ಇರುತ್ತಲ್ಲ ಹಂಗೆ, ಆರ್‌ಟಿಒದೋರು ಏನಾದ್ರೂ ಅಂತಾರಾ ಅಣ್ಣಾ ಅಂತ. ಮೊದ್ಲೇ ಹೇಳಿಬಿಡ್ತೀನಿ, ರೋಡಲ್ಲಿ ಓಡಾಡೋ ಕಾರಲ್ಲಿ ಕಂಪನಿ ಹ್ಯಾಂಡ್‌ಬ್ರೇಕ್ ತೆಗೆದು ಹೈಡ್ರಾಲಿಕ್ ಹಾಕ್ಸೋದು ಕಾನೂನಿಗೂ ಸರಿ ಬರಲ್ಲ, ಕಾರಿಗೂ ಒಳ್ಳೇದಲ್ಲ. ಯಾಕೆ ಅಂತ ನೋಡ್ರಿ.

ಮೊದ್ಲು ಏನು ಹಾಕಿಸ್ತಿದೀವಿ ಅಂತ ಗೊತ್ತಿರ್ಬೇಕು, ಎಲ್ಲಾನೂ ಒಂದೇ ಅಲ್ಲ. ಲಿವರ್ ಮೇಲಿನ ಹಿಡಿಕೆ, ಕವರ್ ಬದಲಿಸೋದು ಬರೀ ಶೋಕಿ, ಅದ್ರಿಂದ ಬ್ರೇಕಿಗೆ ಏನೂ ಆಗಲ್ಲ. ಎರಡ್ನೇದು ಫ್ಲೈ-ಆಫ್ ಅಂತಾರೆ, ಕೇಬಲ್ ಹಳೇದೇ ಇರುತ್ತೆ, ಆದ್ರೆ ಎಳೆದ್ರೆ ಲಾಕ್ ಆಗಲ್ಲ, ಬಟನ್ ಒತ್ತಿದ್ರೆ ಮಾತ್ರ ಲಾಕ್. ಇದು ನೋಡೋಕೆ ಸಣ್ಣ ಬದಲಾವಣೆ, ಆದ್ರೆ ಮನೇಲಿ ಅಪ್ಪನೋ ತಮ್ಮನೋ ಎಂದಿನಂತೆ ಎಳೆದು ಇಳಿದು ಹೋದ್ರೆ ಲಿವರ್ ವಾಪಸ್ ಕೆಳಗೆ ಬಿದ್ದಿರುತ್ತೆ, ಕಾರಿಗೆ ಬ್ರೇಕೇ ಇರಲ್ಲ. ಮೂರ್ನೇದು ಹೈಡ್ರಾಲಿಕ್. ಹಿಂದಿನ ಗಾಲಿಗೆ ಹೋಗೋ ಬ್ರೇಕ್ ಪೈಪ್ ಕತ್ತರಿಸಿ ಮಧ್ಯೆ ಇನ್ನೊಂದು ಸಿಲಿಂಡರ್ ಕೂರಿಸ್ತಾರೆ, ಲಿವರ್ ಎಳೆದ್ರೆ ಹಿಂದಿನ ಎರಡೂ ಗಾಲಿ ಒಮ್ಮೆಲೇ ಹಿಡೀತಾವೆ. ನಿಜವಾದ ತಲೆನೋವು ಇದೇ.

ಈಗ ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೇ ನಿಯಮ ಪೂರ್ತಿ ಬ್ರೇಕ್ ಬಗ್ಗೇನೇ ಐತೆ, ಕಾಲಿನ ಬ್ರೇಕಿಗೆ ಸಂಬಂಧ ಇಲ್ದಂಗೆ ಪಾರ್ಕಿಂಗ್ ಬ್ರೇಕ್ ಬೇರೇನೇ ಇರ್ಬೇಕು. ಹೈಡ್ರಾಲಿಕ್ ಲಿವರ್ ಕೂತ್ಕೊಳ್ಳೋದು ಕಾಲಿನ ಬ್ರೇಕಿನ ಪೈಪಿನ ಮೇಲೇನೇ, ಮತ್ತೆ ಬೇರೆ ಹೆಂಗಾಗುತ್ತೆ? 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂಗೆ ಗಾಡಿ ಮಾರ್ಪಡಿಸೋಂಗಿಲ್ಲ. 2019ರ ಜನವರಿಯಲ್ಲಿ ಕೇರಳದ ಕೇಸೊಂದ್ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿ ಮಾಡ್ತು. ಅದೇ ಕಾಯ್ದೆಯ 182ಎ ಸೆಕ್ಷನ್ನಿನ 4ನೇ ಉಪವಿಭಾಗದಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5 ಸಾವಿರ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಇದು ಬೀಳೋದು ಗಾಡಿ ಓನರ್ ಮೇಲೆ, ಗ್ಯಾರೇಜಿನೋನು ಹಾಕ್ದ ಅಂತ ಹೇಳಿ ನೀವು ತಪ್ಪಿಸ್ಕೊಳ್ಳೋಕೆ ಆಗಲ್ಲ. ರೋಡಲ್ಲಿ ಅದನ್ನ ಎಳೆದು ಗಾಡಿ ತಿರುಗಿಸಿದ್ರೆ ಅಪಾಯಕಾರಿ ಡ್ರೈವಿಂಗ್ ಅಂತ 184ನೇ ಸೆಕ್ಷನ್, ರೇಸ್ ಬಿಟ್ರೆ 189ನೇ ಸೆಕ್ಷನ್, ಅವು ಬೇರೆ.

ಕೆಲವ್ರು ಹೇಳೋದು ಕೇಳೀನಿ, ಆರ್‌ಸಿಯಲ್ಲಿ ಹ್ಯಾಂಡ್‌ಬ್ರೇಕ್ ಬರೆದಿಲ್ಲಲ್ಲ, ಮತ್ತೇನು ತಪ್ಪು ಅಂತ. ಆರ್‌ಸಿಯಲ್ಲಿ ಟೈರಿನ ಗಾಳಿನೂ ಬರೆದಿರಲ್ಲ. ಕಾರಿನ ಮಾಡೆಲ್ಲು ಮಾರ್ಕೆಟ್ಟಿಗೆ ಬರೋಕೆ ಮುಂಚೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಬ್ರೇಕ್ ಸಮೇತ ಟೆಸ್ಟ್ ಆಗಿ ಬಂದಿರುತ್ತೆ. ಹಾಗಾಗಿ ಅಂಗಡಿಯೋನು ಕಿಟ್ ತೋರಿಸಿದ್ರೆ ಒಂದೇ ಪ್ರಶ್ನೆ ಕೇಳ್ರಿ, ನನ್ನ ಮಾಡೆಲ್ಲಿಗೆ ಇದು ರೋಡ್ ಮೇಲೆ ಓಡ್ಸೋಕೆ ಅಪ್ರೂವ್ ಆಗೈತೆ ಅನ್ನೋ ಪೇಪರ್ ಎಲ್ಲೈತೆ ಅಂತ. ಪೇಪರ್ ಇಲ್ಲ ಅಂದ್ರೆ ಅಲ್ಲಿಗೆ ಬಿಟ್ಟು ಬರ್ರಿ. ಅನುಮಾನ ಇದ್ರೆ ಆರ್‌ಟಿಒ ಆಫೀಸಿಗೇ ಹೋಗಿ ಕೇಳ್ರಿ, ಬಳ್ಳಾರಿ ಕೆಎ 34, ಕೊಪ್ಪಳ ಕೆಎ 37, ರಾಯಚೂರು ಕೆಎ 36, ನಿಮ್ಮ ಗಾಡಿ ಎಲ್ಲಿ ರಿಜಿಸ್ಟರ್ ಆಗೈತೋ ಅಲ್ಲಿ ಬರವಣಿಗೆಯಲ್ಲಿ ಕೇಳಿ, ಉತ್ತರಾನೂ ಬರವಣಿಗೆಯಲ್ಲೇ ಇಸ್ಕೊಳ್ರಿ.

ದಂಡಕ್ಕಿಂತ ನನಗೆ ಹೆದರಿಕೆ ಆಗೋದು ಬ್ರೇಕಿಂದು. ನನ್ನ ಗೆಳೆಯ ಒಬ್ಬ ಕಂಪನಿ ಕೇಬಲ್ ತೆಗೆಸಿ ಬರೀ ಹೈಡ್ರಾಲಿಕ್ ಇಟ್ಕೊಂಡು, ಲಿವರಿಗೆ ಪಿನ್ ಹಾಕಿ ಲಾಕ್ ಮಾಡ್ತಿದ್ದ. ಸಂಡೂರು ಕುಮಾರಸ್ವಾಮಿ ಗುಡಿಗೆ ಹೋಗಿ ಬರೋವಾಗ ಇಳಿಜಾರಲ್ಲಿ ನಿಲ್ಲಿಸಿ ಊಟಕ್ಕೆ ಕೂತಿದ್ವಿ, ಸ್ವಲ್ಪ ಹೊತ್ತಿಗೆ ಕಾರು ತಾನಾಗೇ ಹಿಂದಕ್ಕೆ ಸರಿದು ಮಣ್ಣಿನ ದಿಬ್ಬಕ್ಕೆ ಹೋಗಿ ನಿಂತ್ಕೊಳ್ತು. ಪುಣ್ಯ, ಹಿಂದೆ ಮಕ್ಕಳು ಯಾರೂ ಇರ್ಲಿಲ್ಲ. ಘಾಟಿಯಲ್ಲಿ ಕಾದ ಡಿಸ್ಕು, ಬ್ರೇಕ್ ಆಯಿಲ್ಲು ತಣ್ಣಗಾದಂಗೆ ಕುಗ್ಗಿ ಪ್ರೆಶರ್ ಇಳೀತು, ಸೀಲ್ ಸ್ವಲ್ಪ ಸೋರಿದ್ರೂ ಹಂಗೇ ಆಗುತ್ತೆ. ಕಾರಿನ ಬ್ರೇಕಿಗೆ ವಿಶ್ವಸಂಸ್ಥೆ (ಯುಎನ್) ಮಾಡಿರೋ 13-ಎಚ್ ನಿಯಮದಲ್ಲಿ ಪಾರ್ಕಿಂಗ್ ಬ್ರೇಕನ್ನ ಪೂರ್ತಿ ಮೆಕ್ಯಾನಿಕಲ್ಲಾಗೇ ಲಾಕ್ ಮಾಡಿ ಹಿಡೀಬೇಕು, ಲೋಡ್ ಆದ ಕಾರನ್ನ 20 ಪರ್ಸೆಂಟ್ ಏರಲ್ಲೂ ಇಳಿಜಾರಲ್ಲೂ ನಿಲ್ಲಿಸ್ಬೇಕು ಅಂತ ಇರೋದು ಇದಕ್ಕೇನೇ.

ಇನ್ನೊಂದು ವಿಷ್ಯ ಗ್ಯಾರೇಜಲ್ಲಿ ಯಾರೂ ಹೇಳಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟು ಬ್ರೇಕ್ ಲೈನ್ ಅಡ್ಡಡ್ಡ ಹಂಚಿರ್ತಾರೆ, ಮುಂದಿನ ಎಡ ಗಾಲಿಗೂ ಹಿಂದಿನ ಬಲ ಗಾಲಿಗೂ ಒಂದು ಲೈನು, ಉಳಿದೆರಡಕ್ಕೆ ಇನ್ನೊಂದು. ಒಂದು ಲೈನ್ ಒಡೆದ್ರೂ ಇನ್ನೊಂದು ಗಾಡಿ ನಿಲ್ಲಿಸ್ಬೇಕು ಅಂತ. ಒಂದೇ ಸಿಲಿಂಡರಿಗೆ ಹಿಂದಿನ ಎರಡೂ ಪೈಪ್ ಸೇರಿಸಿಬಿಟ್ರೆ ಆ ಬೇರ್ಪಡಿಕೆನೇ ಹೋಗುತ್ತೆ, ಅಲ್ಲಿ ಸೀಲ್ ಹೋದ್ರೆ ಕಾಲಿನ ಬ್ರೇಕೂ ಕೈ ಕೊಡುತ್ತೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇರೋ ಕಾರಲ್ಲಿ, ಅಂದ್ರೆ 2019ರ ಏಪ್ರಿಲ್ ಆದ್ಮೇಲೆ ತಯಾರಾದ ಕಾರೆಲ್ಲಾ, ಮಧ್ಯೆ ಈ ಸಿಲಿಂಡರ್ ಬಂದ್ರೆ ಎಬಿಎಸ್ ಹೆಂಗೆ ವರ್ತಿಸುತ್ತೋ ಗ್ಯಾರಂಟಿ ಕೊಡೋರು ಯಾರೂ ಇಲ್ಲ. ಇನ್ಶೂರೆನ್ಸ್‌ಗೆ ತಿಳಿಸದೆ ಹಾಕ್ಸಿದ್ರೆ ಆಕ್ಸಿಡೆಂಟ್ ಆದಾಗ ನಿಮ್ಮ ಗಾಡಿ ಕ್ಲೇಮು ತಿರಸ್ಕಾರ ಆಗೋ ಸಾಧ್ಯತೆ ಜಾಸ್ತಿ.

ನಿಜವಾಗ್ಲೂ ಮೋಟಾರ್‌ಸ್ಪೋರ್ಟ್ ಆಸೆ ಇದ್ರೆ ತಡೀಬೇಡ್ರಿ, ಆದ್ರೆ ದೇಶದ ಮೋಟಾರ್‌ಸ್ಪೋರ್ಟ್ ನೋಡ್ಕೊಳ್ಳೋ ಎಫ್‌ಎಂಎಸ್‌ಸಿಐ ಒಕ್ಕೂಟದ ಲೈಸೆನ್ಸ್ ತಗೊಂಡು, ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಲ್ಲಿ ನಡೆಯೋ ಕಾರ್ ಸ್ಪರ್ಧೆ) ನಡೆಯೋ ಜಾಗಕ್ಕೆ ಬೇರೆ ಕಾರನ್ನ ಲಾರಿ ಮೇಲೆ ಹಾಕ್ಕೊಂಡು ಹೋಗ್ರಿ. ಹೈಡ್ರಾಲಿಕ್ ಲಿವರ್ ಜಾಗ ಅದು.

ಬರೀ ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ಬದಲಿಸೋಕೆ ಹೊರಟಿದ್ರೆ ಹೊಸದೇನೂ ಬೇಕಿಲ್ಲ. ಮೊದ್ಲು ಹಿಂದಿನ ಡ್ರಮ್ ಬಿಚ್ಚಿಸಿ ಲೈನರ್ ನೋಡ್ಸಿ, ಅದಿರು ಲಾರಿ ಓಡಾಡೋ ಕಡೆ ಕೆಂಪು ಧೂಳು ಒಳಗೆ ತುಂಬ್ಕೊಂಡಿರುತ್ತೆ, ಕ್ಲೀನ್ ಮಾಡ್ಸಿ. ಆಮೇಲೆ ಕೇಬಲ್ ಟೈಟ್ ಮಾಡ್ಸಿ, ಲೈನರ್ ನೋಡದೆ ಕೇಬಲ್ ಒಂದೇ ಟೈಟ್ ಮಾಡ್ಸಬೇಡ್ರಿ, ಡ್ರಮ್ ಉಜ್ಜಿ ಬಿಸಿಯಾಗುತ್ತೆ. ಎಷ್ಟು ಟಕ್ ಟಕ್‌ಗೆ ಹಿಡೀಬೇಕು ಅಂತ ಮ್ಯಾನ್ಯುಯಲ್ಲಲ್ಲಿ ಐತೆ. ಈಗಾಗ್ಲೇ ಹೈಡ್ರಾಲಿಕ್ ಹಾಕ್ಸಿರೋರು ಕೇಬಲ್ ವಾಪಸ್ ಕಟ್ಟಿಸಿ, ಕತ್ತರಿಸಿದ ಪೈಪ್ ಬೆಸುಗೆ ಹಾಕ್ಸದೆ ಹೊಸ ಪೈಪೇ ಹಾಕ್ಸಿ, ಬ್ಲೀಡ್ ಮಾಡ್ಸಿ, ಅಂದ್ರೆ ಪೈಪಲ್ಲಿ ಸೇರ್ಕೊಂಡ ಗಾಳಿ ತೆಗೆಸಿ. ಕೊನೆಗೆ ಜನ ಇಲ್ಲದ ಇಳಿಜಾರಲ್ಲಿ ಟೈರ್ ಹಿಂದೆ ಸ್ವಲ್ಪ ಜಾಗ ಬಿಟ್ಟು ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ನಿಧಾನಕ್ಕೆ ತೆಗೀರಿ, ಹತ್ತು ನಿಮಿಷ ಕಾರಲ್ಲೇ ಕೂತಿರ್ರಿ. ಒಂದಿಂಚು ಸರಿದ್ರೂ ಮತ್ತೆ ಗ್ಯಾರೇಜಿಗೆ.